ಬಟ್ಟಲೊಳಗಿನ ಮಟ್ಟ

ಚಿಪ್ಪಿನ ಕೊಯ್ದ ಮುಖವನ್ನು ಗಾಜಿನ ಹಲಗೆಯ ಮೇಲೆ ಸುತ್ತಿಸುತ್ತಿ ಉಜ್ಜುತ್ತಿದ್ದವಳು ಕೈ ನಿಲ್ಲಿಸಿ, ಅದನ್ನು ನೀರಿಗೆ ಅದ್ದಿ, ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ಇನ್ನೂ ಒಂದು ಗೀರು ಉಳಿದಿತ್ತು. ಚಿಟಿಕೆ ಪುಡಿ ಉದುರಿಸಿಕೊಂಡು ಮತ್ತೆ ಉಜ್ಜತೊಡಗಿದಳು.

ಅವಸರ ಮಾಡಿದರೆ ಕೆಡುವ ಕೆಲಸ ಇದು. ಕೋಟ್ಯಂತರ ವರ್ಷ ಕಾದ ಚಿಪ್ಪು ಇನ್ನೊಂದು ಗಳಿಗೆ ಕಾಯಲಾರದೇ ಎಂದು ಅತ್ತೆ ಹೇಳುತ್ತಿದ್ದರು. ಅತ್ತೆ ಈ ಮ್ಯೂಸಿಯಮ್ಮಿನ ಪಳೆಯುಳಿಕೆ ವಿಭಾಗಕ್ಕೆ ಮುಖ್ಯಸ್ಥೆಯಾಗಿದ್ದು ನಿವೃತ್ತರಾದವರು. ಆ ಕುರ್ಚಿಯಲ್ಲಿ ಈಗ ಸೊಸೆ ಕೂತಿದ್ದಳು. ಕೂತಿದ್ದಳು ಎನ್ನುವುದೂ ಹೆಸರಿಗಷ್ಟೆ; ದಿನದ ಬಹುಪಾಲು ಅವಳು ಈ ಹಿಂಭಾಗದ ಕೋಣೆಯಲ್ಲಿ ಸೂಜಿ ಹಿಡಿದು, ಕಲ್ಲಿನಿಂದ ಪ್ರಾಣಿಗಳನ್ನು ಬಿಡಿಸುತ್ತ ಇರುತ್ತಿದ್ದಳು. ಎಲ್ಲರೂ ಅವಳನ್ನು ಸೂಜಿ ಮೇಡಂ ಎನ್ನುತ್ತಿದ್ದರು. ಆ ಹೆಸರು ಬಂದದ್ದು ಕೈಯಲ್ಲಿನ ಸೂಜಿಯಿಂದ, ನಾಲಿಗೆಯಿಂದಲ್ಲ ಎಂದು ಅವಳು ನಂಬಿಕೊಂಡಿದ್ದಳು.

ಮೇಷ್ಟ್ರು ಮ್ಯೂಸಿಯಮ್ಮಿನ ಕಲ್ಲುಕೋಣೆಯ ಏಣಿಯ ಬುಡದಲ್ಲಿ ಬಿದ್ದು ಆಸ್ಪತ್ರೆ ಸೇರಿ, ಅವರನ್ನು ತಳ್ಳಿದನೆಂದು ಉಗ್ರಾಣ ನೋಡಿಕೊಳ್ಳುವ ಸ್ಟೋರಣ್ಣ ಪೊಲೀಸ್ ಠಾಣೆ ಸೇರಿ, ವಾರವಾಗುತ್ತ ಬಂದಿತ್ತು. ಮೇಷ್ಟ್ರಿಗೆ ಇನ್ನೂ ಎಚ್ಚರವಾಗಿರಲಿಲ್ಲ.

ಊರಾಚೆಯ ಸುಣ್ಣಕಲ್ಲಿನ ಕ್ವಾರಿಯಲ್ಲಿ ಕಲ್ಲಾಗಿ ನಿಂತಿದ್ದ ಹವಳದ ದಿಬ್ಬವನ್ನು ಲೋಕಕ್ಕೆ ತೋರಿಸಿದವರು ಮೇಷ್ಟ್ರು. ಅತ್ತೆಯ ಸಹಪಾಠಿ. ಆ ದಿಬ್ಬದಿಂದ ಕಿತ್ತುತಂದ, ದಿಂಬಿನಷ್ಟು ದೊಡ್ಡ ಒಂದು ಕಲ್ಲು ಅವರಿಗೆ ಹೆಸರು ತಂದಿತ್ತು. ಅದರಲ್ಲಿ ಸ್ಪಂಜುಗಳು, ಹವಳಗಳು, ಬಳ್ಳಿಯಂಥ ಕಾಂಡದ ಕಡಲಲಿಲ್ಲಿಗಳು, ಗುಂಪುಗುಂಪು ಚಿಪ್ಪುಗಳು ಬದುಕಿದ್ದ ಹಾಗೆಯೇ ಉಳಿದುಕೊಂಡಿದ್ದವು. ಒಂದರ ಬೆನ್ನ ಮೇಲೆ ಇನ್ನೊಂದು ಮನೆ ಕಟ್ಟಿ, ಅದರ ಮಗ್ಗುಲಲ್ಲಿ ಮತ್ತೊಂದು ಬಿಡಾರ ಹೂಡಿ, ಒಂದು ತುಂಬಿದ ವಠಾರ. ಮುಂದಿನ ಹಜಾರದ ಗೋಡೆಯಲ್ಲಿ ಆಳೆತ್ತರದ ಚಿತ್ರವೊಂದಿತ್ತು: ಬಿಸಿಲು ಬಿದ್ದ ಕಡಲತಳದಲ್ಲಿ ಅರಳಿನಿಂತ ತೋಟ. ಅದು ಈ ಕಲ್ಲನ್ನು ನೋಡಿ ಮೇಷ್ಟ್ರು ಬರೆಸಿದ್ದು. ಊರಿನ ಮಕ್ಕಳೆಲ್ಲ ಅದರ ಮುಂದೆ ನಿಂತು ಫೋಟೊ ತೆಗೆಸಿಕೊಂಡವರೇ.

ಅವಳು ಉಜ್ಜುತ್ತಿದ್ದುದು ಆ ಕಲ್ಲಿನಿಂದ ಎಂದೋ ಕಳಚಿಬಿದ್ದ ಚಿಪ್ಪು. ಅದರ ಮೇಲೆ ಯಾರೋ ಹಳೆಯ ಕಪ್ಪು ಬಣ್ಣದಲ್ಲಿ ಬಾಣವೊಂದನ್ನು ಎಳೆದಿದ್ದರು. ಕಲ್ಲಿನಲ್ಲಿದ್ದಾಗ ಇದರ ಯಾವ ಕಡೆ ಮೇಲಿತ್ತು ಎನ್ನುವುದಕ್ಕೆ ಗುರುತು.

ಗೀರು ಹೋಯಿತು. ಅವಳು ಮಸೂರ ಹಿಡಿದಳು.

ಚಿಪ್ಪಿನ ಒಳಗು ಎರಡು ಪಾಲಾಗಿತ್ತು. ಅರ್ಧ ಬೂದುಬಣ್ಣದ ಕೆಸರು, ಅರ್ಧ ಸಕ್ಕರೆಯಂಥ ಬಿಳಿ ಹರಳು. ನಡುವೆ ಎಳೆದಂಥ ನೇರ ಗೆರೆ. ಪ್ರಾಣಿ ಸತ್ತ ಮೇಲೆ ಟೊಳ್ಳು ಚಿಪ್ಪಿನೊಳಗೆ ಕೆಸರು ಇಳಿದು ತಳದಲ್ಲಿ ಮಟ್ಟವಾಗಿ ಕೂರುತ್ತದೆ. ಮೇಲೆ ಖಾಲಿ ಉಳಿದ ಜಾಗದಲ್ಲಿ ನಿಧಾನವಾಗಿ ಹರಳು ಬೆಳೆಯುತ್ತದೆ. ಕೆಸರು ಇದ್ದ ಕಡೆ ಕೆಳಗು, ಹರಳು ಇದ್ದ ಕಡೆ ಮೇಲು. ಗಾರೆಯವರು ಬಳಸುವ ರಸಮಟ್ಟದ ಹಾಗೆ, ಕಡಲೇ ಇಟ್ಟುಹೋದ ಮಟ್ಟ ಅದು. ತಪ್ಪು ಹೇಳುವುದಿಲ್ಲ.

ಕೆಸರು ಬಾಣದ ಮೊನೆಯ ಕಡೆಗಿತ್ತು.

ಅವಳು ಚಿಪ್ಪನ್ನು ತಿರುಗಿಸಿದಳು. ಬಾಣ ನೋಡಿದಳು. ಮತ್ತೆ ತಿರುಗಿಸಿದಳು. ಹಾಗಾದರೆ ಇಷ್ಟು ವರ್ಷ ಮೇಲೆಂದು ತಿಳಿದ ಮುಖ ಕೆಳಗಿನದು. ಆ ಪ್ರಾಣಿಗಳು ನೆಲದಲ್ಲಿ ಅರಳಿ ನಿಂತಿರಲಿಲ್ಲ. ದಿಬ್ಬದೊಳಗಿನ ಯಾವುದೋ ಕತ್ತಲ ಗವಿಯ ಸೂರಿಗೆ ಅಂಟಿಕೊಂಡು, ತಲೆಕೆಳಗಾಗಿ ಜೋತುಬಿದ್ದು ಬಾಳಿದ್ದವು. ಹಜಾರದ ಗೋಡೆಯಲ್ಲಿದ್ದ ಬಿಸಿಲಿನ ತೋಟ ಒಂದು ದಿನವೂ ಬಿಸಿಲು ಕಂಡದ್ದಲ್ಲ.

ಢಣ್ ಎಂದು ಸದ್ದಾಯಿತು. ಬಾಗಿಲ ಮೇಲಿನ ನೀರಿನ ಕೊಳವೆಗೆ ಇನ್‌ಸ್ಪೆಕ್ಟರು ಎಂದಿನಂತೆ ಹಣೆ ತಗಲಿಸಿಕೊಂಡಿದ್ದರು.

"ಈ ಕೊಳವೆ ಮೇಲೂ ಒಂದು ಕೇಸು ಹಾಕ್ಬೇಕು ಮೇಡಂ," ಎಂದರು ಹಣೆ ಸವರಿಕೊಳ್ಳುತ್ತ.

ಅವಳು ಚಿಪ್ಪನ್ನು ಮೇಜಿನ ಮೇಲಿಟ್ಟು, ಕೈ ಒರೆಸಿಕೊಂಡು, ಅವರಿಗೆ ಸ್ಟೂಲು ಎಳೆದುಕೊಟ್ಟಳು. ಫ್ಲಾಸ್ಕಿನಲ್ಲಿ ಉಳಿದಿದ್ದ ಚಹಾವನ್ನು ಒಂದು ಲೋಟಕ್ಕೆ ಬಗ್ಗಿಸಿದಳು.

ಇನ್‌ಸ್ಪೆಕ್ಟರು ಚೀಲದಿಂದ ಹಸಿರು ರಬ್ಬರಿನ ಬಟ್ಟಲೊಂದನ್ನು ತೆಗೆದು ಮುಂದಿಟ್ಟರು. ಏಣಿಯ ಬುಡದಲ್ಲಿ ಮಗ್ಗುಲಾಗಿ ಬಿದ್ದಿದ್ದದ್ದು. ಇದು ಇಲ್ಲಿಯದೇ ಎಂದು ಅವಳು ಹೇಳಿದರೆ ಸಾಕು, ಅವರ ಕಡತ ಮುಗಿದ ಹಾಗೆ. ಸ್ಟೋರಣ್ಣನೂ ಮೇಷ್ಟ್ರೂ ಆ ಕಲ್ಲಿಗಾಗಿ ಜಗಳವಾಡಿದ್ದನ್ನು ಇಡೀ ಕಟ್ಟಡ ಕೇಳಿತ್ತು. ಕಲ್ಲನ್ನು ದೂರದ ಯಾವುದೋ ಪ್ರದರ್ಶನಕ್ಕೆ ಕಳಿಸಬೇಕೆಂದು ಮೇಷ್ಟ್ರು, ದಾರಿಯಲ್ಲಿ ಒಡೆದರೆ ತನ್ನ ತಲೆಗೆ ಬರುತ್ತದೆಂದು ಸ್ಟೋರಣ್ಣ. ಕಲ್ಲಿಗೆ ಕವಚ ಹಾಕಲು ಪ್ಲಾಸ್ಟರು ಕಲಸಿಕೊಟ್ಟದ್ದು ತಾನೇ, ಆಮೇಲೆ ಸಿಟ್ಟಿನಿಂದ ಹೊರಟುಹೋದೆ ಎಂದು ಸ್ಟೋರಣ್ಣನೇ ಒಪ್ಪಿಕೊಂಡಿದ್ದ. ಅಲ್ಲಿಂದ ನೇರ ಕ್ಯಾಂಟೀನಿಗೆ ಹೋಗಿ, ಮೇಷ್ಟ್ರು ಬಿದ್ದಿದ್ದಾರೆಂಬ ಕೂಗು ಕೇಳುವವರೆಗೂ ಅಲ್ಲೇ ಮುಖ ಊದಿಸಿಕೊಂಡು ಕೂತಿದ್ದನ್ನು ಎಲ್ಲರೂ ನೋಡಿದ್ದರು. ಹೊರಡುವ ಮುಂಚೆ ಏಣಿ ಹತ್ತಿದ್ದ ಮೇಷ್ಟ್ರನ್ನು ತಳ್ಳಿದ, ಅವರ ಕೈಯಲ್ಲಿದ್ದ ಹಸಿ ಪ್ಲಾಸ್ಟರಿನ ಬಟ್ಟಲು ಜೊತೆಗೇ ಬಿತ್ತು. ಇಷ್ಟು ಪೊಲೀಸರ ಲೆಕ್ಕ.

"ಬಟ್ಟಲು ನಮ್ಮದೇ," ಎಂದಳು ಅವಳು. "ನಮ್ಮ ಮನೆಯವರ ಕ್ಲಿನಿಕ್ಕಿಂದ ಬಂದಿದ್ದು. ಹಲ್ಲಿನ ಡಾಕ್ಟರುಗಳೂ ಇದರಲ್ಲೇ ಅಚ್ಚಿನ ಪ್ಲಾಸ್ಟರು ಕಲಸ್ತಾರೆ."

ಅವಳ ಅರ್ಧ ಸಲಕರಣೆಗಳು ಅಲ್ಲಿಂದಲೇ ಬಂದವು. ಮ್ಯೂಸಿಯಮ್ಮಿನ ಪಕ್ಕದ ಓಣಿಯಲ್ಲಿ ಗಂಡನ ಕ್ಲಿನಿಕ್ಕು. ಸವೆದ ಕೊಕ್ಕೆ, ಕಡ್ಡಿ, ಬಟ್ಟಲು ಎಲ್ಲವನ್ನೂ ಅವನು ಹೆಂಡತಿಗೆ ದಾಟಿಸುತ್ತಿದ್ದ. ನಾನು ಬದುಕಿರುವವರ ಹಲ್ಲು ತಿಕ್ಕುತ್ತೇನೆ, ಇವಳು ಸತ್ತವರದ್ದು. ಇವಳ ರೋಗಿಗಳೇ ವಾಸಿ, ಕಿರುಚುವುದಿಲ್ಲ ಎಂದು ನೆಂಟರಿಷ್ಟರ ಮುಂದೆಲ್ಲ ಹೇಳಿ ನಗಿಸುತ್ತಿದ್ದ.

ಅವಳು ಬಟ್ಟಲನ್ನು ಎತ್ತಿ ಒಳಗೆ ನೋಡಿದಳು. ತಳದಲ್ಲಿ ಸ್ವಲ್ಪ ಪ್ಲಾಸ್ಟರು ಗಟ್ಟಿಯಾಗಿ ಕೂತಿತ್ತು.

ಇದು ಅಪರೂಪದ ನೋಟ. ಈ ಕೆಲಸದವರು ಪ್ಲಾಸ್ಟರನ್ನು ಬಟ್ಟಲಿನಲ್ಲಿ ಗಟ್ಟಿಯಾಗಲು ಬಿಡುವುದಿಲ್ಲ. ಬಿಟ್ಟವರನ್ನು ಉಳಿದವರು ವಾರವಿಡೀ ಆಡಿಕೊಳ್ಳುತ್ತಾರೆ, ಹಾಲು ಉಕ್ಕಿಸಿದವರನ್ನು ಮನೆಯಲ್ಲಿ ಆಡಿಕೊಂಡ ಹಾಗೆ. ಆದರೆ ಅವಳ ಕಣ್ಣು ಹಿಡಿದದ್ದು ಅದನ್ನಲ್ಲ. ಅದರ ಮೇಲ್ಮೈಯನ್ನು. ಕೊಳದ ನೀರಿನಂತೆ ಅದು ಬಟ್ಟಲಿನ ಅಂಚಿಗೆ ಸರಿಸಮನಾಗಿ, ಸುತ್ತಲೂ ಒಂದೇ ಎತ್ತರದಲ್ಲಿ ನಿಂತಿತ್ತು.

"ಇದು ಮಗ್ಗುಲಾಗಿ ಬಿದ್ದಿತ್ತು ಅಂದ್ರಲ್ಲ?"

"ಫೋಟೊ ಇದೆ."

ಅವಳು ಚಹಾದ ಲೋಟವನ್ನು ಅವರ ಕೈಯಿಂದ ಮೆಲ್ಲಗೆ ತೆಗೆದುಕೊಂಡು ಓರೆ ಮಾಡಿದಳು. ಚಹಾ ಒಂದು ಬದಿಗೆ ಏರಿ ಅಂಚಿನವರೆಗೂ ಬಂತು.

"ಹಸಿ ಇದ್ದಾಗ ಬಿದ್ದಿದ್ರೆ ಹೀಗೆ ಓರೆಯಾಗಿ ಗಟ್ಟಿಯಾಗ್ಬೇಕಿತ್ತು ಸಾರ್. ಅರ್ಧ ನೆಲಕ್ಕೂ ಚೆಲ್ಲಿರ್ಬೇಕಿತ್ತು."

ಇನ್‌ಸ್ಪೆಕ್ಟರು ಲೋಟವನ್ನೂ ಬಟ್ಟಲನ್ನೂ ನೋಡಿದರು. ಅವಳು ಮೇಜಿನ ಮೇಲಿದ್ದ ಚಿಪ್ಪನ್ನು ತೋರಿಸಿ, ಕೆಸರು ಮತ್ತು ಹರಳಿನ ಕಥೆಯನ್ನು ಮೂರು ಮಾತಿನಲ್ಲಿ ಹೇಳಿದಳು. ಬಾಣದ ವಿಷಯ ಎತ್ತಲಿಲ್ಲ. ಬಟ್ಟಲು ನೆಟ್ಟಗೆ ಇದ್ದಾಗಲೇ ಪ್ಲಾಸ್ಟರು ಗಟ್ಟಿಯಾಗಿದೆ, ಉರುಳಿದ್ದು ಆಮೇಲೆ. ಅಷ್ಟು ಹೊತ್ತಿಗೆ ಸ್ಟೋರಣ್ಣ ಕ್ಯಾಂಟೀನಿನಲ್ಲಿದ್ದ.

"ಅಂದ್ರೆ ಬಿದ್ದಿದ್ದಲ್ಲ, ಯಾರೋ ಮಲಗಿಸಿದ್ದು," ಎಂದರು ಇನ್‌ಸ್ಪೆಕ್ಟರು.

"ಮೇಷ್ಟ್ರು ಬಿದ್ದಾಗ್ಲೇ ಇದೂ ಬಿತ್ತು ಅನ್ನಿಸ್ಲಿ ಅಂತ."

ಅವರು ಉಳಿದ ಚಹಾವನ್ನು ಒಂದೇ ಗುಟುಕಿಗೆ ಕುಡಿದು ಎದ್ದರು. ಸ್ಟೋರಣ್ಣನ ಹೆಂಡತಿ ದಿನವೂ ಠಾಣೆಯ ಬೆಂಚಿನ ಮೇಲೆ ಬಂದು ಕೂರುತ್ತಾಳೆ, ಒಂದು ಮಾತೂ ಆಡುವುದಿಲ್ಲ, ಬೈದಿದ್ದರೆ ಎಷ್ಟೋ ವಾಸಿಯಿತ್ತು ಎಂದರು. ಇವತ್ತು ಅವನನ್ನು ಮನೆಗೆ ಕಳಿಸಬಹುದು. ಕೇಳುತ್ತಿದ್ದ ಅವಳಿಗೆ ಎದೆಯ ಮೇಲಿಂದ ಒಂದು ಚಪ್ಪಡಿ ಇಳಿದ ಹಾಗಾಯಿತು.

ಆದರೆ ಅವರು ಹೋಗಲಿಲ್ಲ. "ಬಟ್ಟಲ ತುಂಬ ಕಲಸಿದ್ದೆ ಅಂದಿದ್ದ ನಿಮ್ಮ ಸ್ಟೋರಣ್ಣ. ಇದರಲ್ಲಿರೋದು ಎರಡು ಚಮಚ. ಮಿಕ್ಕಿದ್ದು ಎಲ್ಲಿ ಹೋಯ್ತು?"

ಇಬ್ಬರೂ ಕಲ್ಲುಕೋಣೆಗೆ ನಡೆದರು.

ಉದ್ದನೆಯ ಮೇಜಿನ ಮೇಲೆ ಆ ಕಲ್ಲು ಬೆಳ್ಳಗೆ ಸುತ್ತಿಸಿಕೊಂಡು ಕೂತಿತ್ತು. ಒದ್ದೆ ಕಾಗದದ ಮೇಲೆ ಪ್ಲಾಸ್ಟರಿನಲ್ಲಿ ಅದ್ದಿದ ಗೋಣಿಪಟ್ಟಿಗಳ ಕವಚ. ದೂರ ಕಳಿಸುವ ಕಲ್ಲುಗಳಿಗೆ ಹೀಗೆಯೇ ಮಾಡುವುದು. ತಾನು ಹೊರಟಾಗ ಕಲ್ಲು ಬರಿದಾಗಿತ್ತು ಎಂದು ಸ್ಟೋರಣ್ಣ ಮೊದಲ ದಿನವೇ ಹೇಳಿದ್ದನಂತೆ. ಯಾರೂ ಅದನ್ನು ಕಿವಿಗೆ ಹಾಕಿಕೊಂಡಿರಲಿಲ್ಲ. ಮೇಷ್ಟ್ರೇ ಸುತ್ತಿರಬಹುದಲ್ಲ ಎಂದು ಅವಳು ಕೇಳಿದಳು. ಆಸ್ಪತ್ರೆಗೆ ಸೇರಿಸಿದಾಗ ಅವರ ಎರಡು ಕೈಯೂ ತೊಳೆದಷ್ಟು ಚೊಕ್ಕಟವಾಗಿದ್ದವು ಎಂದರು ಇನ್‌ಸ್ಪೆಕ್ಟರು.

"ಯಾರೋ ಇಲ್ಲಿ ಆರಾಮಾಗಿ ನಿಂತ್ಕೊಂಡು ಕಲ್ಲಿಗೆ ಬಟ್ಟೆ ತೊಡಿಸಿದ್ದಾರೆ ಮೇಡಂ. ಮೇಷ್ಟ್ರು ಬೀಳೋಕೆ ಮುಂಚೆಯೋ, ಅಲ್ಲಿ ಬಿದ್ದಿದ್ದಾಗ್ಲೋ, ಅದು ಗೊತ್ತಾಗ್ಬೇಕು."

ಅವಳು ಮೇಜಿನತ್ತ ಬಾಗಿದ್ದಳು. ಕವಚದ ಅಂಚನ್ನು ನೋಡುತ್ತಿದ್ದಳು.

ಗೋಣಿಪಟ್ಟಿಯ ತುದಿಗಳನ್ನು ಎಲ್ಲರೂ ಹಾಗೇ ಬಿಟ್ಟುಬಿಡುತ್ತಾರೆ. ಹೇಗೂ ಒಂದು ದಿನ ಒಡೆದುಹಾಕುವ ಕವಚ. ಇಲ್ಲಿ ಒಂದೊಂದು ತುದಿಯನ್ನೂ ಒಳಮಡಿಚಿ, ಮಡಿಕೆಯ ಉದ್ದಕ್ಕೂ ಹೆಬ್ಬೆರಳಿನಿಂದ ಒತ್ತಿದ್ದರು. ಒಂದರ ಪಕ್ಕ ಒಂದು, ಕಡುಬಿನ ಅಂಚಿನಂತೆ ಸಾಲು ಗುಳಿಗಳು. ಪ್ರತಿ ಗುಳಿಯೂ ಎಡಬದಿಯಲ್ಲಿ ಸ್ವಲ್ಪ ಚಪ್ಪಟೆ. ಗೋಣಿಯ ದಾರ ಎಳೆದಿರಬೇಕು ಎಂದುಕೊಂಡಳು.

ಆ ಮಡಿಕೆ ಅವಳಿಗೆ ಗೊತ್ತು. ಅವಳ ಕೈಗೂ ಗೊತ್ತು. ಅದನ್ನು ಅವಳಿಗೆ ಕಲಿಸಿದವರು ಅತ್ತೆ. ಮ್ಯೂಸಿಯಮ್ಮಿನಲ್ಲಿ ಹೀಗೆ ಮಡಿಚುವವರು ಇಬ್ಬರೇ ಇದ್ದರು. ಅವರಲ್ಲೊಬ್ಬಳು ಆ ದಿನವೆಲ್ಲ ಕ್ವಾರಿಯಲ್ಲಿದ್ದಳು, ಈಗ ಇಲ್ಲಿ ನಿಂತು ನೋಡುತ್ತಿದ್ದಳು.

"ನಾಳೆ ಬೆಳಿಗ್ಗೆ ಇದನ್ನ ಬಿಚ್ಚಿ, ನನ್ನ ಎದುರಿಗೆ," ಎಂದರು ಇನ್‌ಸ್ಪೆಕ್ಟರು. "ಹೇಗೆ ಬಿಚ್ತಾರೆ ಇದನ್ನ?"

"ಅಂಚಿನ ಗುಂಟ ಗರಗಸ ಹಾಕೋದು ವಾಡಿಕೆ," ಎಂದಳು. "ಹೊಲಿಗೆ ಬಿಚ್ಚೋ ಹಾಗೆ."

*

ಮನೆಗೆ ಬಂದಾಗ ಅತ್ತೆ ತಾರಸಿಯಿಂದ ಒಣಗಿದ ಹಾಸಿಗೆ ಹೊದಿಕೆಗಳನ್ನು ತಂದು ಮಂಚದ ಮೇಲೆ ಗುಡ್ಡೆ ಹಾಕಿಕೊಂಡಿದ್ದರು. ಸಂಜೆಯ ಬಿಸಿಲು ಕಿಟಕಿಯಿಂದ ಮಂಚದವರೆಗೂ ಬಂದಿತ್ತು. ಒಬ್ಬರಿಂದ ಮಡಿಚಲಾಗದ ದೊಡ್ಡ ಹೊದಿಕೆಗಳು. ಸೊಸೆ ಬರಲೆಂದು ಕಾಯುತ್ತಿದ್ದರು.

ಅವಳು ಚೀಲ ಇಟ್ಟು ಎರಡು ಮೂಲೆ ಹಿಡಿದಳು. ಅತ್ತೆ ಇನ್ನೆರಡು ಹಿಡಿದರು. ಝಾಡಿಸಿ, ಎಳೆದು, ಹತ್ತಿರ ಬಂದು, ಮೂಲೆ ಕೊಟ್ಟು, ಮತ್ತೆ ಹಿಂದೆ ಸರಿದು. ಮದುವೆಯಾದಾಗಿನಿಂದ ಇಬ್ಬರೂ ಕೂಡಿ ಮಾಡುತ್ತಿದ್ದ ಕೆಲಸ. ಎಷ್ಟೋ ಕಷ್ಟದ ಮಾತುಗಳನ್ನು ಅವರು ಹೊದಿಕೆಯ ಈ ತುದಿ ಆ ತುದಿ ಹಿಡಿದುಕೊಂಡೇ ಆಡಿ ಮುಗಿಸಿದ್ದರು. ನಡುವೆ ಬಟ್ಟೆಯಿದ್ದರೆ ಮುಖ ನೋಡಲೇಬೇಕೆಂದಿಲ್ಲ.

ಸ್ಟೋರಣ್ಣನನ್ನು ಬಿಡುತ್ತಾರೆ ಎಂದು ಹೇಳಿದಳು. ಬಟ್ಟಲಿನ ವಿಷಯ ಹೇಳಿದಳು. ಅತ್ತೆ ತಲೆದೂಗಿ, ಭೇಷ್ ಎಂದರು, ಹಳೆಯ ಗುರುವಿನ ಹಾಗೆ.

ಮೊದಲ ಹೊದಿಕೆ ಮುಗಿದಾಗ ಅವಳು ಚೀಲದಿಂದ ಚಿಪ್ಪನ್ನು ತೆಗೆದು ಮಂಚದ ಮೇಲಿಟ್ಟಳು.

"ಕೆಸರು ಬಾಣದ ಕಡೆ ಇದೆ, ಅತ್ತೆ."

ಅತ್ತೆ ಅದನ್ನು ಎತ್ತಿಕೊಳ್ಳಲೂ ಇಲ್ಲ. "ಗೊತ್ತು. ಆ ಬಾಣ ಎಳೆದಿದ್ದೇ ನಾನು."

ಅವರು ಹೇಳಿದ್ದು ಇಷ್ಟು. ಕಲ್ಲು ಸಿಕ್ಕ ಮರುವರ್ಷವೇ ಇನ್ನೊಂದು ಚಿಪ್ಪನ್ನು ಕೊಯ್ದು ನೋಡಿದ್ದರು. ಇದು ತೋಟವಲ್ಲ, ಗವಿಯ ಸೂರು, ಇಂಥದ್ದು ಸಿಗುವುದು ತೋಟಕ್ಕಿಂತ ಅಪರೂಪ ಎಂದು ಮೇಷ್ಟ್ರಿಗೆ ತೋರಿಸಿದ್ದರು. ಅವರು ಚಿಪ್ಪನ್ನು ತುಂಬ ಹೊತ್ತು ನೋಡಿ, ಚಿತ್ರ ಬರೆದು ಮುಗಿದಿದೆಯಲ್ಲ ಎಂದರಂತೆ. ಹೊಟ್ಟೆಕಿಚ್ಚು ಎಂದೂ ಅಂದರಂತೆ, ನಗುತ್ತಲೇ.

"ನೀವು ಯಾರಿಗೂ ಹೇಳ್ಲಿಲ್ವಾ?"

"ಹೇಳ್ದೆ. ಮನೇಲಿ." ಅತ್ತೆ ಎರಡನೆಯ ಹೊದಿಕೆಯ ಮೂಲೆ ಹುಡುಕುತ್ತಿದ್ದರು. "ಆಗ ನಿನ್ನ ಗಂಡ ಸಣ್ಣವನು, ಬೆಲ್ಟಿಲ್ಲದ ಚಡ್ಡಿ ಎಳ್ಕೊಂಡು ನನ್ನ ಹಿಂದೆ ಹಿಂದೆ ಮ್ಯೂಸಿಯಮ್ಮಿಗೆ ಬರ್ತಿದ್ದ. ಬೇರೆ ಯಾರಿದ್ರು ಹೇಳ್ಕೊಳ್ಳೋಕೆ? ದೊಡ್ಡವನಾದ್ಮೇಲೆ ಆ ಚಿತ್ರಾನ ತಿರುಗಿಸಿ ನೇತುಹಾಕ್ತೀನಮ್ಮ ಅಂತಿದ್ದ."

ಇಬ್ಬರೂ ಸ್ವಲ್ಪ ನಕ್ಕರು. ಹೊದಿಕೆ ಝಾಡಿಸಿದರು.

ಮೂಲೆ ಕೊಡಲು ಹತ್ತಿರ ಬಂದಾಗ ಅವಳು ಹೇಳಿದಳು. ಕಲ್ಲಿನ ಕವಚದ ತುದಿಗಳು ಒಳಮಡಿಚಿವೆ. ಹೆಬ್ಬೆರಳಿನಿಂದ ಒತ್ತಿದ್ದಾರೆ, ಸಾಲಾಗಿ. ನಾಳೆ ಇನ್‌ಸ್ಪೆಕ್ಟರ ಎದುರಿಗೆ ಬಿಚ್ಚಬೇಕು.

ಅತ್ತೆಯ ಕೈ ಹೊದಿಕೆಯ ಮೇಲೆಯೇ ನಿಂತಿತು.  

"ನಾನೇ ಸುತ್ತಿದ್ದು," ಎಂದರು.

"ನೀವು ಅವತ್ತು ಲೈಬ್ರರಿಗೆ ಹೋಗಿದ್ದೆ ಅಂದ್ರಿ."

"ಲೈಬ್ರರಿಯಿಂದ ಅಲ್ಲಿಗೆ ಹೋದೆ. ಹಿಂದಿನ ಬಾಗ್ಲಿಂದ. ಅವನು ಏಣಿ ಬುಡದಲ್ಲಿ ಬಿದ್ದಿದ್ದ. ಉಸಿರಾಡ್ತಿದ್ದ. ಪ್ಲಾಸ್ಟರು ಗಟ್ಟಿಯಾಗ್ತಿತ್ತು, ಹಾಳಾಗೋದ್ಯಾಕೆ ಅಂತ ಸುತ್ತಿದೆ."

"ಯಾರನ್ನೂ ಕರೀಲಿಲ್ಲ?"

"ಕರೀಲಿಲ್ಲ. ನಾಳೆ ಇನ್‌ಸ್ಪೆಕ್ಟರಿಗೆ ಹಾಗೇ ಹೇಳು. ನಾನೇ ಬೇಕಾದ್ರೆ ಬಂದು ಹೇಳ್ತೀನಿ. ಈ ವಯಸ್ಸಿನಲ್ಲಿ ನನ್ನನ್ನೇನು ಮಾಡ್ತಾರೆ?"

ಅಡುಗೆಗೆ ಉಪ್ಪು ಹಾಕಿದೆಯಾ ಎಂದು ಕೇಳುವಷ್ಟು ಸಹಜವಾದ ದನಿ. ಅತ್ತೆ ಸುಳ್ಳು ಹೇಳಿದ್ದನ್ನು ಅವಳು ಈ ಮೊದಲು ಕೇಳಿರಲಿಲ್ಲ. ಆದ್ದರಿಂದ ಅದರ ದನಿ ಹೇಗಿರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ.

ಅತ್ತೆ ಹೊದಿಕೆಯನ್ನು ಮಂಚದ ಮೇಲಿಟ್ಟು ಕೊನೆಯ ಮಡಿಕೆ ಹಾಕಿದರು. ಅಂಚನ್ನು ಒಳಮಡಿಚಿ ಒತ್ತಿದರು. ಅಂಗೈಯ ಬುಡದಿಂದ.

ಸೊಸೆ ಆ ಕೈಯನ್ನೇ ನೋಡಿದಳು. ದಿನವೂ ಕಾಣುವುದನ್ನು ಕಣ್ಣು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅತ್ತೆಯ ಹೆಬ್ಬೆರಳುಗಳು ಸಂಧಿವಾತಕ್ಕೆ ಸೆಟೆದುಕೊಂಡು ಎಷ್ಟೋ ಕಾಲವಾಗಿತ್ತು. ಉಪ್ಪಿನಕಾಯಿ ಭರಣಿಯ ಮುಚ್ಚಳ ತೆಗೆಯಲು ಸೊಸೆಯನ್ನು ಕರೆಯುತ್ತಿದ್ದರು, ಅವಳಿಲ್ಲದಿದ್ದರೆ ಮಗನನ್ನು. ಸೂಜಿ ಬಿಟ್ಟದ್ದೂ ಅದಕ್ಕೇ. ಆ ಬೆರಳಿಗೆ ಒದ್ದೆ ಗೋಣಿಯಲ್ಲಿ ಒಂದು ಗುಳಿಯನ್ನೂ ಮೂಡಿಸಲಾಗುತ್ತಿರಲಿಲ್ಲ, ಇನ್ನು ಅಷ್ಟುದ್ದದ ಸಾಲೆಲ್ಲಿ.

ಅವಳು ನೋಡುತ್ತಿರುವುದನ್ನು ಅತ್ತೆ ನೋಡಿದರು. ಕೈಯನ್ನು ಹೊದಿಕೆಯ ಕೆಳಗೆ ಸರಿಸಿಕೊಂಡರು.

"ಎಲ್ಲವನ್ನೂ ನೋಡ್ಬೇಡ ಕಣೇ," ಎಂದರು ಮೆತ್ತಗೆ. "ನಮ್ಮ ಕೆಲಸದಲ್ಲಿ ಅದೊಂದು ಕೆಟ್ಟ ಅಭ್ಯಾಸ."

 ಆ ಮಡಿಕೆಯನ್ನು ಅತ್ತೆಯಿಂದ ಕಲಿತವರಲ್ಲಿ ತಾನು ಮೊದಲನೆಯವಳಲ್ಲ ಎಂಬುದು ಅವಳಿಗೆ ಆಗ ಹೊಳೆಯಿತು. ಬೆಲ್ಟಿಲ್ಲದ ಚಡ್ಡಿಯವನೊಬ್ಬ ಅಮ್ಮನ ಮೇಜಿನ ಪಕ್ಕ ಸ್ಟೂಲು ಹತ್ತಿ ನಿಂತು ಗೋಣಿಪಟ್ಟಿ ಮಡಿಚಿದ್ದಿರಬೇಕು. ಪ್ರತಿ ಬೆಳಿಗ್ಗೆ ಅವರ ಹಾಸಿಗೆಯ ಅಂಚನ್ನು ಮಡಿಚಿ ಒತ್ತುವುದು ಅವನೇ. ಗಂಡ ಹಾಸಿಗೆ ಸರಿಮಾಡುತ್ತಾನೆಂದು ಅವಳು ಗೆಳತಿಯರ ಮುಂದೆ ಜಂಬ ಕೊಚ್ಚಿಕೊಂಡಿದ್ದಳು.

ಮುಂಬಾಗಿಲ ಚಿಲಕ ಸರಿದ ಸದ್ದಾಯಿತು.

ಗಂಡ ಒಳಬಂದು, ಅಭ್ಯಾಸದಂತೆ ನೇರ ಬಚ್ಚಲಿಗೆ ಹೋಗಿ, ಮೊಣಕೈವರೆಗೂ ಸೋಪು ಹಚ್ಚಿ ಕೈ ತೊಳೆದುಕೊಂಡ. ಒರೆಸಿಕೊಳ್ಳುತ್ತ ಬಾಗಿಲಲ್ಲಿ ನಿಂತ.

"ಅತ್ತೆ ಸೊಸೆ ಇಬ್ರೂ ಸುಮ್ನೆ ಕೂತಿದ್ದೀರಿ ಅಂದ್ರೆ ಏನೋ ಆಗಿದೆ," ಎಂದ.

ಸ್ಟೋರಣ್ಣನನ್ನು ಬಿಟ್ಟರು ಎಂದಳು ಅವಳು. ಒಳ್ಳೇದಾಯ್ತು, ಪಾಪ, ಎಂದ ಅವನು. ನಿಜವಾಗಿಯೂ ಸಮಾಧಾನವಾದ ದನಿಯಲ್ಲೇ ಎಂದ. ಅದು ಅವಳಿಗೆ ಇನ್ನೂ ಕಷ್ಟವಾಯಿತು. ಬಂದು ಮಂಚದ ಮೇಲಿನ ಹೊದಿಕೆಗಳನ್ನು ಎತ್ತಿ ಕಪಾಟಿಗೆ ಸೇರಿಸತೊಡಗಿದ. ಮೇಲಿನ ಹೊದಿಕೆಯ ಅಂಚು ಬಿಚ್ಚಿಕೊಂಡಿತ್ತು. ಮಾತಾಡುತ್ತಲೇ ಅದನ್ನು ಒಳಮಡಿಚಿ, ಹೆಬ್ಬೆರಳಿನಿಂದ ಒತ್ತಿದ.

ಶಾಲೆಯ ಬಾಗಿಲಿಗೆ ಸಿಕ್ಕಿ ಜಜ್ಜಿಹೋಗಿ, ಆಮೇಲೆ ಎಡಬದಿ ಚಪ್ಪಟೆಯಾಗಿಯೇ ಬೆಳೆದ ಹೆಬ್ಬೆರಳು. ಹೊಸದಾಗಿ ಮದುವೆಯಾದಾಗ ಅವಳು ಅದನ್ನು ಹಿಡಿದು, ನಿನ್ನನ್ನು ಕಲ್ಲಿನಲ್ಲಿ ಹೂತರೂ ಗುರುತು ಹಿಡಿಯುತ್ತೇನೆ ಎಂದು ತಮಾಷೆ ಮಾಡಿದ್ದಳು.

ಅತ್ತೆ ಕಿಟಕಿಯ ಕಡೆ ತಿರುಗಿ ಕೂತಿದ್ದರು.

ಊಟದ ಹೊತ್ತಿನಲ್ಲಿ ಅವನು ಆ ದಿನದ ರೋಗಿಯೊಬ್ಬರ ಕಥೆ ಹೇಳಿದ. ಅತ್ತೆ ನಕ್ಕರು. ಅವಳೂ ನಕ್ಕಳು. ಆಮೇಲೆ ತಟ್ಟೆಗಳನ್ನು ತೊಳೆಯುತ್ತ, ನೀರಿನ ಸದ್ದಿನ ಮರೆಯಲ್ಲಿ ನಿಂತು ಯೋಚಿಸಿದಳು.

ವಾಡಿಕೆಯಂತೆ ಅಂಚಿನ ಗುಂಟ ಗರಗಸ ಹಾಕಿದರೆ ಮಡಿಕೆಗಳು, ಗುಳಿಗಳು ಎಲ್ಲ ಬಿಳಿ ಹಿಟ್ಟಾಗಿ ನೆಲಕ್ಕೆ ಉದುರುತ್ತವೆ. ಇನ್‌ಸ್ಪೆಕ್ಟರಿಗೆ ಅನುಮಾನವೇ ಬಾರದು. ಹೇಗೆ ಬಿಚ್ಚುವುದೆಂದು ಇವತ್ತೇ ಅವರಿಗೆ ಹೇಳಿಯಾಗಿದೆ. ಯಾರೂ ಅವಳನ್ನು ಕೇಳುವುದಿಲ್ಲ. ಅತ್ತೆಯ ಸುಳ್ಳೂ ಬೇಕಾಗುವುದಿಲ್ಲ. ಈ ಮನೆ ಹೀಗೇ, ಈ ಸೂರಿಗೇ ಅಂಟಿಕೊಂಡು, ತಲೆಕೆಳಗಾಗಿಯೇ ಸುಖವಾಗಿ ಇನ್ನೂ ಎಷ್ಟೋ ಕಾಲ ಬಾಳಬಹುದು. ಆಸ್ಪತ್ರೆಯಲ್ಲಿ ಮೇಷ್ಟ್ರು ಕಣ್ಣು ಬಿಡದಿದ್ದರೆ.

ಒಳಗಿನಿಂದ ಅವನು, ಚಹಾ ಮಾಡಲೇ ಎಂದು ಕೂಗಿದ. ಬೇಡ ಎಂದಳು.

ಕೊನೆಯ ಲೋಟವನ್ನು ಬೋರಲು ಹಾಕಿ ಕೈ ಒರೆಸಿಕೊಂಡಳು. ಅಷ್ಟರಲ್ಲಿ ಅವಳ ಮನಸ್ಸಿನಲ್ಲಿ ಗರಗಸ ತನ್ನ ಜಾಗ ಹಿಡಿದಿತ್ತು: ಕವಚದ ನಟ್ಟನಡುವೆ, ಅಡ್ಡಕ್ಕೆ, ಅಂಚಿನ ಒಂದು ಮಡಿಕೆಗೂ ಹಲ್ಲು ತಾಗದ ಹಾಗೆ.

ಹೋಗಿ ಗಂಡನ ಪಕ್ಕದಲ್ಲಿ ಕೂತಳು.